ಹೆಸರಿಗೆ ಕಾಲಂ ಇಲ್ಲದ ಪಟ್ಟಿ

ಇಂಟರ್ನ್‌ಶಿಪ್ ಸಿಕ್ಕಿದೆ ಎಂಬ ಮೇಲ್ ಬಂದಾಗ ನಾನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎರಡು ಸಲ ಓದಿದೆ. ಮೂರನೆಯ ಸಲ ಓದುವಷ್ಟರಲ್ಲಿ ಬಸ್ಸು ಬಂದು, ಮಂದಿಯನ್ನು ತುಂಬಿಕೊಂಡು, ಹೋಗಿಯೇ ಬಿಟ್ಟಿತು. ಇನ್ನೊಂದಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಬ್ಯಾಗು ಹೆಗಲಿಗೇರಿಸಿ ಮನೆಗೆ ವಾಪಸು ನಡೆದೆ.

ಅವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. "ಯಾಕ, ಬಸ್ ಬರಲಿಲ್ಲೇನು?" ಎಂದಳು.

"ಬಂತು. ನಾನಽ ಹತ್ತಲಿಲ್ಲ" ಎಂದು ಅವಳ ಮುಂದೆ ಕೂತು ಸುದ್ದಿ ಹೇಳಿದೆ.

ನಾನಾಗ ಧಾರವಾಡದಲ್ಲಿ ಕಾನೂನಿನ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೆ. ತರಗತಿಗಳು ಮುಗಿದಿದ್ದವು, ಪ್ರಬಂಧವೊಂದು ಬಾಕಿ ಇತ್ತು. ಯುರೋಪಿನ ಒಂದು ಸಂಶೋಧನಾ ಸಂಸ್ಥೆಗೆ ಅರ್ಜಿ ಹಾಕಿದ್ದೆ. ಆರು ತಿಂಗಳ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ವಿಷಯ: ಅಂತರರಾಷ್ಟ್ರೀಯ ಕಾನೂನು ಮತ್ತು ಯುದ್ಧದಲ್ಲಿ ಕೃತಕ ಬುದ್ಧಿಮತ್ತೆ. ಇದನ್ನು ಅವ್ವನಿಗೆ ಹೇಗೆ ಹೇಳುವುದು ಎಂದು ಸ್ವಲ್ಪ ಹೊತ್ತು ಯೋಚಿಸಿ, "ಯುದ್ಧದಾಗ ಯಾರ ಮ್ಯಾಲೆ ಬಾಂಬ್ ಹಾಕಬೇಕು ಅಂತ ಈಗ ಕಂಪ್ಯೂಟರ್ ಹೇಳಿಕೊಡಾಕ ಹತ್ತೇತಿ. ಅದು ತಪ್ಪಿದ್ರ ಜವಾಬ್ದಾರಿ ಯಾರ್ದು ಅಂತ ಓದೂದು" ಎಂದೆ.

"ಕಂಪ್ಯೂಟರ್ ಯಾಕ ಹೇಳಬೇಕು?"

"ಲಗೂನ ಆಗತೈತಿ ಅಂತ."

"ಅಂಥಾ ಕೆಲಸ ಲಗೂನ ಯಾಕ ಆಗಬೇಕು?" ಎಂದು ಕೇಳಿ ಅವ್ವ ಜೋಳದ ಮೊರ ಜಾಡಿಸಿದಳು. ನಾನು ನಕ್ಕುಬಿಟ್ಟೆ. ಆ ಆರು ತಿಂಗಳಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರ ಉಪನ್ಯಾಸಗಳನ್ನು ಕೇಳಿದೆ. ಇಷ್ಟು ಬೇಗ ಯಾಕೆ ಆಗಬೇಕು ಎಂಬ ಆ ಪ್ರಶ್ನೆಯನ್ನು ಯಾರೂ ಅಷ್ಟು ನೇರವಾಗಿ ಕೇಳಲಿಲ್ಲ.

ಕೆಲಸ ಹೀಗಿತ್ತು. ಮೊದಲ ತಿಂಗಳು, ಬೇರೆ ಬೇರೆ ದೇಶಗಳು ಈ ಆಯುಧಗಳ ಬಗ್ಗೆ ಸಭೆಗಳಲ್ಲಿ ಮಂಡಿಸಿದ ಹೇಳಿಕೆಗಳನ್ನು ಓದಿ ಸಾರಾಂಶ ಬರೆಯುವುದು. ಎಲ್ಲರೂ ಮನುಷ್ಯನ ನಿಯಂತ್ರಣ ಇರಬೇಕು ಎನ್ನುತ್ತಿದ್ದರು. ನಿಯಂತ್ರಣ ಎಂದರೇನು ಎನ್ನುವಲ್ಲಿ ಒಂದು ದೇಶ ಇನ್ನೊಂದಕ್ಕೆ ಒಪ್ಪುತ್ತಿರಲಿಲ್ಲ. ಒಂದು ವಿಶೇಷಣ ಇರಬೇಕೋ ಬೇಡವೋ ಎಂಬುದಕ್ಕೆ ಇಡೀ ದಿನದ ಸಭೆ ಮುಗಿದ ದಾಖಲೆಯನ್ನು ಓದಿದ್ದೇನೆ. ಎರಡನೆಯ ತಿಂಗಳಿನಿಂದ ನಿಜವಾದ ಕೆಲಸ ಶುರುವಾಯಿತು. ಒಂದು ಪಟ್ಟಿ. ನಾಗರಿಕರು ಸತ್ತ ದಾಳಿಗಳು, ಅದರಲ್ಲೂ ಗುರಿ ಆರಿಸಲು ಯಂತ್ರದ ನೆರವು ಪಡೆದಿರಬಹುದು ಎಂಬ ಸಂಶಯವಿರುವಂಥವು. ಒಂದು ದಾಳಿಗೆ ಒಂದು ಸಾಲು. ದಿನಾಂಕ, ಸ್ಥಳ, ಕಟ್ಟಡದ ಬಗೆ, ಆಯುಧ, ಬಳಸಿದ ತಂತ್ರಾಂಶದ ಹೆಸರು ಮತ್ತು ಆವೃತ್ತಿ ಗೊತ್ತಿದ್ದರೆ ಅದು, ಮಾಹಿತಿಯ ಮೂಲ, ತನಿಖೆ ಆಯಿತೇ, ಹೊಣೆ ಯಾರ ಮೇಲೆ ಬಂತು. ಕೊನೆಯ ಕಾಲಮ್ಮಿನಲ್ಲಿ ನಾವು ಬಹುಮಟ್ಟಿಗೆ ಬರೆಯುತ್ತಿದ್ದುದು ಒಂದೇ ಮಾತು: ನಿರ್ಧಾರವಾಗಿಲ್ಲ.

ಸಂಸ್ಥೆಯವರು ನಮ್ಮನ್ನು ಇಬ್ಬಿಬ್ಬರಾಗಿ ಜೋಡಿಸಿದ್ದರು. ಒಬ್ಬರು ತುಂಬಿದ ಸಾಲನ್ನು ಇನ್ನೊಬ್ಬರು ಪರಿಶೀಲಿಸಬೇಕು. ನನಗೆ ಜೋಡಿಯಾಗಿ ಬಂದವಳು ಯುದ್ಧ ನಡೆಯುತ್ತಿದ್ದ ಒಂದು ದೇಶದ ಹುಡುಗಿ. ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ. ಅವಳೂ ಕಾನೂನು ಓದಿದವಳು, ನನಗಿಂತ ಎರಡು ವರ್ಷ ದೊಡ್ಡವಳು. ತನ್ನ ತಾಯಿಯ ಜೊತೆ ಒಂದು ದೊಡ್ಡ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಳು. ಮೊದಲ ದಿನ ಪರದೆಯ ಮೇಲೆ ಕಂಡಾಗ "ಹೇಗಿದ್ದೀರಿ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

ಅವಳು ನಕ್ಕಳು. "ಎಲ್ಲರೂ ಹೀಗೇ ಮಾಡುತ್ತಾರೆ. ಕೇಳಿ, ಪರವಾಗಿಲ್ಲ. ಇವತ್ತು ಕರೆಂಟಿದೆ, ಚೆನ್ನಾಗಿದ್ದೇನೆ."

ಕರೆಂಟಿನಿಂದಲೇ ನಮ್ಮ ಗೆಳೆತನ ಬೆಳೆದದ್ದು. ನಮ್ಮಲ್ಲಿ ಹೋದರೆ ಒಂದು ತಾಸು, ಅವಳಲ್ಲಿ ಹೋದರೆ ಒಂದು ದಿನ. ಇಬ್ಬರದೂ ಕಲಿತ ಇಂಗ್ಲಿಷ್, ಇಬ್ಬರೂ ತಡವರಿಸುತ್ತಿದ್ದೆವು, ಹಾಗಾಗಿ ಇಬ್ಬರಿಗೂ ನಾಚಿಕೆ ಇರಲಿಲ್ಲ. ಎರಡು ವಾರದಲ್ಲಿ ಬಹುವಚನ ಬಿಟ್ಟಂಥ ಸಲುಗೆ ಬಂತು. ಸ್ವಂತ ದೇಶದ ಘಟನೆಗಳನ್ನು ಯಾರೂ ನೋಡಬಾರದು ಎಂಬ ನಿಯಮವಿತ್ತು. ಹೀಗಾಗಿ ಅವಳ ದೇಶದ ದಾಳಿಗಳು ನನ್ನ ಪಾಲಿಗೆ ಬಂದವು, ಆ ಸಾಲುಗಳನ್ನು ಅವಳ ಬದಲು ಮೂರನೆಯವರೊಬ್ಬರು ಪರಿಶೀಲಿಸುತ್ತಿದ್ದರು. ನಾನು ಯಾವ ದೇಶವನ್ನು ನೋಡುತ್ತಿದ್ದೇನೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನನಗೆ ಆ ಕೆಲಸ ಇಷ್ಟವಾಗತೊಡಗಿತ್ತು. ಮೊದಮೊದಲು ಒಂದು ಸಾಲು ತುಂಬಲು ಅರ್ಧ ದಿನ ಹಿಡಿಯುತ್ತಿತ್ತು. ಸುಟ್ಟ ಗೋಡೆಗಳ ಚಿತ್ರ ನೋಡಿ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ. ಎರಡು ತಿಂಗಳಲ್ಲಿ ಕೈ ಪಳಗಿತು. ಚಹಾ ಆರುವ ಮೊದಲು ಒಂದು ಸಾಲು ಮುಗಿಯುತ್ತಿತ್ತು. ವಾರದ ಸಭೆಯಲ್ಲಿ ಮೇಲ್ವಿಚಾರಕಿ ನನ್ನ ಸಾಲುಗಳು ಅಚ್ಚುಕಟ್ಟಾಗಿವೆ ಎಂದು ಹೊಗಳಿದರು. ಅವತ್ತು ಸಂಜೆ ಅವ್ವನಿಗೆ ಅದನ್ನು ಹೇಳಿ ಹಿಗ್ಗಿದೆ.

ಒಂದು ದಿನ ಮಧ್ಯಾಹ್ನ ನಾನು ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಗೆಳತಿಯೊಡನೆ ಮಾತಾಡುತ್ತಿದ್ದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪರದೆಯಲ್ಲಿದ್ದವಳು ಮಾತು ನಿಲ್ಲಿಸಿ, "ಅದೇನು ಸದ್ದು?" ಎಂದಳು. ಅವಳ ಮುಖ ಬಿಗಿದಿತ್ತು. ನಾನು ಗಾಬರಿಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋಗಿ ಅವ್ವನ ಕೈಗಳನ್ನು ತೋರಿಸಿದೆ. ಅವಳು ಉಸಿರು ಬಿಟ್ಟು, ನಕ್ಕು, ತನ್ನ ತಾಯಿಯನ್ನು ಕೂಗಿ ಕರೆದಳು.

ಆ ತಾಯಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಎಂದು ಅವಳು ಮೊದಲೇ ಹೇಳಿದ್ದಳು. ಬಿಳಿ ಕೂದಲು ಹಿಂದಕ್ಕೆ ಕಟ್ಟಿದ ಹೆಂಗಸು ಪರದೆಯ ಹತ್ತಿರ ಬಂದು ಅವ್ವನ ಕೈಗಳನ್ನೇ ನೋಡಿದಳು. ಆಮೇಲೆ ತಾನೂ ಒಳಗೆ ಹೋಗಿ ನಾದಿಟ್ಟ ಹಿಟ್ಟಿನ ಮುದ್ದೆಯೊಂದನ್ನು ತಂದು, ಎರಡೂ ಅಂಗೈಗಳ ನಡುವೆ ಆಡಿಸಿ ಆಡಿಸಿ ಅಗಲ ಮಾಡಿ ತೋರಿಸಿದಳು. ಅವ್ವ "ಅಯ್ಯ, ಗಾಳ್ಯಾಗಽ ಮಾಡತಾಳ ನೋಡ!" ಎಂದು ಬೆರಗಾದಳು. ಇಬ್ಬರೂ ತಂತಮ್ಮ ಭಾಷೆಯಲ್ಲಿ ಏನೇನೋ ಹೇಳಿಕೊಂಡರು. ನಾವಿಬ್ಬರೂ ಅನುವಾದಿಸುವ ಗೊಡವೆಗೆ ಹೋಗಲಿಲ್ಲ. ಕೊನೆಗೆ ಅವ್ವ ಹಿಟ್ಟಿನ ಕೈಯನ್ನೇ ಎತ್ತಿ, "ಊಟ ಮಾಡ್ರಿ ಇನ್ನ, ಹೊತ್ತಾತು" ಎಂದಳು.

ಅಂದಿನಿಂದ ದಿನಕ್ಕೊಮ್ಮೆಯಾದರೂ ಅವ್ವ ಅವಳ ಸುದ್ದಿ ಕೇಳುತ್ತಿದ್ದಳು. "ಆಕಿ ಬಂದಿದ್ಲೇನ? ಅವರವ್ವ ಆರಾಮ ಅದಾಳೇನ?"

ನಾಲ್ಕನೆಯ ತಿಂಗಳು, ಒಂದು ಮಂಗಳವಾರ, ಅವಳು ಕೆಲಸಕ್ಕೆ ಬರಲಿಲ್ಲ. ಕರೆಂಟ್ ಹೋಗಿರಬೇಕು ಎಂದುಕೊಂಡೆ. ಬುಧವಾರವೂ ಇಲ್ಲ. ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಗೀಟು ಬಿದ್ದಿತ್ತು, ತಲುಪಿತು ಎನ್ನುವ ಎರಡನೆಯದು ಬೀಳಲಿಲ್ಲ. ಶುಕ್ರವಾರದ ಸಭೆಯಲ್ಲಿ ಮೇಲ್ವಿಚಾರಕಿ, "ನಮಗೂ ಸಂಪರ್ಕ ಸಿಕ್ಕಿಲ್ಲ. ಸದ್ಯಕ್ಕೆ ಅವಳ ಕೆಲಸವನ್ನು ನೀವೇ ನೋಡಿಕೊಳ್ಳಬಹುದೇ?" ಎಂದು ಕೇಳಿದರು. ಅವರ ದನಿ ಮೃದುವಾಗಿತ್ತು. ನಾನು ಆಗಲಿ ಎಂದೆ.

ಮುಂದಿನ ವಾರ ನನಗೆ ಬಂದ ಹೊಸ ಕಡತದಲ್ಲಿ ಅವಳ ನಗರದ ಒಂದು ದಾಳಿಯಿತ್ತು. ಜನವಸತಿಯ ಕಟ್ಟಡ. ಕೆಳಗೆ ಬೇಕರಿ. ಅವಳ ಮನೆಯ ಕೆಳಗೂ ಬೇಕರಿ ಇತ್ತು, ಬೆಳಿಗ್ಗೆ ಅದರ ಶಟರ್ ಏಳುವ ಸದ್ದಿಗೆ ಎಚ್ಚರವಾಗುತ್ತದೆ ಎಂದು ಹೇಳುತ್ತಿದ್ದಳು. ಆದರೆ ಅಷ್ಟು ದೊಡ್ಡ ನಗರದಲ್ಲಿ ಎಷ್ಟು ಬೇಕರಿಗಳಿಲ್ಲ? ಅವಳ ಬೀದಿಯ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ. ಚಿತ್ರಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ನಾನು ಅವಳ ಮನೆಯ ಒಂದೇ ಗೋಡೆಯನ್ನು ಕಂಡವಳು, ಅವಳ ಬೆನ್ನ ಹಿಂದಿನ ಹಳದಿ ಗೋಡೆ. ಈ ಚಿತ್ರಗಳಲ್ಲಿ ಗೋಡೆಗಳಿಗೆ ಬಣ್ಣವೇ ಉಳಿದಿರಲಿಲ್ಲ.

ಮೇಲ್ವಿಚಾರಕಿಗೆ ಫೋನು ಮಾಡಿದೆ. "ನಿಮಗೆ ಕಷ್ಟವಾದರೆ ಆ ಸಾಲನ್ನು ಬೇರೆಯವರಿಗೆ ಕೊಡುತ್ತೇನೆ" ಎಂದರು. ಬೇಡ, ನಾನೇ ತುಂಬುತ್ತೇನೆ ಎಂದೆ. ಅವಳದೇ ಆಗಿದ್ದರೆ ಗುರುತಿನವರ ಕೈಯಲ್ಲಿ ಇರಲಿ ಎನ್ನಿಸಿತ್ತು. ಅದರಿಂದ ಯಾರಿಗೆ ಏನು ಉಪಯೋಗ ಎಂದು ಈಗಲೂ ಹೇಳಲಾರೆ. ಆ ಒಂದು ಸಾಲಿಗೆ ಇಡೀ ದಿನ ಹಿಡಿಯಿತು. ಯಂತ್ರದ ನೆರವು: ಸಂಶಯವಿದೆ, ದೃಢಪಟ್ಟಿಲ್ಲ. ತನಿಖೆ: ಮಾಹಿತಿ ಇಲ್ಲ. ಹೊಣೆ: ನಿರ್ಧಾರವಾಗಿಲ್ಲ. ಅದೇ ಪದಗಳು, ನಾನು ಎಷ್ಟೋ ಸಲ ಬರೆದವು.

ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಿಕೊಡುವ ಸಂಸ್ಥೆಯೊಂದಕ್ಕೆ ಅರ್ಜಿ ತುಂಬಿದೆ. 'ಕಾಣೆಯಾದವರಿಗೂ ನಿಮಗೂ ಏನು ಸಂಬಂಧ' ಎಂಬಲ್ಲಿ ಸಹೋದ್ಯೋಗಿ ಎಂದು ಬರೆದೆ. ಮಾಹಿತಿಯನ್ನು ಕುಟುಂಬದವರಿಗೆ ಮಾತ್ರ ಕೊಡಲು ಸಾಧ್ಯ ಎಂದು ಸೌಜನ್ಯದ ಉತ್ತರ ಬಂತು. ನಿಯಮ ಸರಿಯಾಗಿಯೇ ಇತ್ತು. ನಾನೇ ಬರೆದಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಸವದತ್ತಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಸೈನ್ಯದಲ್ಲಿ ವಾಯರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರಿಗೇನಾದರೂ ದಾರಿ ಗೊತ್ತಿರಬಹುದು ಎಂಬ ಆಸೆಯಿಂದ ಒಂದು ಭಾನುವಾರ ಬಸ್ಸು ಹತ್ತಿದೆ. ಬಸ್ಸಿನ ತುಂಬ ಗುಡ್ಡಕ್ಕೆ ಹೊರಟವರು, ಭಂಡಾರದ ಅರಿಸಿನದ ವಾಸನೆ. ಎಲ್ಲರೂ ಎಲ್ಲಮ್ಮನಿಗೆ ಏನಾದರೊಂದು ಕೇಳಿಕೊಳ್ಳಲು ಹೊರಟವರೇ. ನಾನೂ ಅವರ ಹಾಗೆಯೇ ಎನ್ನಿಸಿತು. ಮಾವ ಮನೆಯ ಮುಂದೆ ಸೈಕಲ್ ಒರೆಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಒರೆಸುತ್ತಲೇ ಕೇಳಿಸಿಕೊಂಡರು.

"ಅಲ್ಲಿ ಹೋಗಿ ಹುಡುಕಾಕ ನಾವು ಯಾರವಾ?" ಎಂದರು ಕೊನೆಗೆ. "ನನಗ ಯಾರ ಗುರ್ತದಾರ ಅಲ್ಲೆ? ನಮ್ಮ ಯುನಿಟ್ಟಿನ ಮಂದಿನೂ ಈಗ ನನ್ನ ಗುರ್ತ ಹಿಡ್ಯಾಂಗಿಲ್ಲ."

"ಗೊತ್ತೈತ್ರಿ ಮಾಮಾ. ಆದ್ರೂ ಕೇಳೂನು ಅಂತ ಬಂದೆ."

ಅವರು ಬಟ್ಟೆಯನ್ನು ಹಿಂಡಿ ಹ್ಯಾಂಡಲ್ಲಿನ ಮೇಲೆ ಹಾಕಿದರು. "ನಾ ವಾಯರ್‌ಲೆಸ್ ಮ್ಯಾಲೆ ಕುಂತಾಗ ಯಾವ ಆರ್ಡರ್ ಬಂದ್ರೂ ಬರಕೋಬೇಕಾಗಿತ್ತು. ಯಾರು ಕೊಟ್ರು, ಎಷ್ಟೊತ್ತಿಗೆ ಕೊಟ್ರು, ಎಲ್ಲಾ. ಕೆಳಗ ನನ್ನ ಸಹಿ. ನಾಳೆ ಯಾರರೆ ಕೇಳಿದ್ರ ಆ ಬುಕ್ ತಗದ ತೋರಸ್ತಿದ್ವಿ. ಈ ಮಿಷಿನ್ನಿಂದು ಯಾರ ಸಹಿ?"

"ಸಹಿ ಇಲ್ರಿ. ಪರದೆ ಮ್ಯಾಲೆ ಇದು ಗುರಿ ಅಂತ ತೋರಸ್ತೈತಿ. ಒಬ್ಬಾಂವ ನೋಡಿ ಹೂಂ ಅಂತಾನ. ಎಷ್ಟ ಸೆಕೆಂಡ್ ನೋಡಿದ್ರ ನೋಡಿದಂಗ ಅನ್ನೂದಽ ನಮ್ಮ ವಾದ."

"ಹೂಂ ಅನ್ನಾಂವಗ ಅಲ್ಲಾ ಅನ್ನಾಕ ಬರತೈತೇನು?"

"ಬರತೈತಿ ಅಂತ ಕಾಗದದಾಗ ಐತ್ರಿ."

ಮಾವ ತಲೆಯಾಡಿಸಿದರು. ಆಮೇಲೆ ಒಳಗೆ ನೋಡಿ, "ಹುಡುಗಿ ಹಸದ ಬಂದೈತಿ, ತಾಟ ಹಾಕ" ಎಂದು ಅತ್ತೆಯನ್ನು ಕೂಗಿದರು. ಊಟದ ಹೊತ್ತಿನಲ್ಲಿ ಮಳೆಯ ವಿಷಯ, ಯರಗಟ್ಟಿ ರಸ್ತೆಯ ವಿಷಯ ಮಾತಾಡಿದರು. ನನ್ನನ್ನು ಬಸ್ಸಿಗೆ ಹತ್ತಿಸಲು ಬಂದವರು ಕಿಟಕಿಯ ಹತ್ತಿರ ನಿಂತು, "ಸಿಕ್ಕರ ಫೋನ್ ಮಾಡು. ಸಿಗದಿದ್ರೂ ಮಾಡು" ಎಂದರು.

ಅದೇ ದಿನಗಳಲ್ಲಿ ಕಿತ್ತೂರಿನಿಂದ ಕರೆ ಬಂತು. ನನಗೆ ಹಿಂದೆ ಇಂಗ್ಲಿಷ್ ಕಲಿಸಿದ ಟೀಚರ್ ಈಗ ಅಲ್ಲಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದರು. "ನಮ್ಮ ಹುಡುಗ್ಯಾರಿಗೆ ನಿನ್ನ ಇಂಟರ್ನ್‌ಶಿಪ್ ಬಗ್ಗೆ ಒಂದೀಟ ಮಾತಾಡು. ಇಂಥಾ ಕೆಲಸಾನೂ ಇರತಾವು ಅಂತ ಅವರಿಗೂ ಗೊತ್ತಾಗಲಿ" ಎಂದರು. ಇಲ್ಲ ಎನ್ನಲಾಗಲಿಲ್ಲ. ಇನ್ನೊಂದು ಮಾತೂ ಇದೆ, ಮನೆಯಲ್ಲಿ ಕೂತು ಆ ಒಂದೇ ಗೀಟನ್ನು ನೋಡುತ್ತಿರುವುದು ಸಾಕಾಗಿತ್ತು.

ಹುಡುಗಿಯರು ನೆಲದ ಮೇಲೆ ಜಮಖಾನೆ ಹಾಸಿಕೊಂಡು ಕೂತಿದ್ದರು. ನಾನು ಸಿದ್ಧಮಾಡಿಕೊಂಡು ಹೋದದ್ದನ್ನೆಲ್ಲ ಹೇಳಿದೆ. ಯುದ್ಧಕ್ಕೂ ಕಾನೂನಿದೆ, ಹೋರಾಡುವವನನ್ನೂ ಹೋರಾಡದವನನ್ನೂ ಬೇರೆ ಮಾಡಿ ನೋಡಬೇಕು ಎಂದು ಅದು ಹೇಳುತ್ತದೆ, ಮಾಡುವ ಹಾನಿ ಲಾಭಕ್ಕಿಂತ ಮಿತಿಮೀರಬಾರದು ಎನ್ನುತ್ತದೆ, ಯಂತ್ರಕ್ಕೆ ಇದೆಲ್ಲ ತಿಳಿಯುತ್ತದೆಯೇ ಎಂಬುದು ಈಗಿನ ಪ್ರಶ್ನೆ, ಹೀಗೆ. ನನ್ನ ಬಾಯಿಯಿಂದ ಬರುತ್ತಿದ್ದ ಮಾತುಗಳು ಸರಾಗವಾಗಿದ್ದವು. ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕಾರ, ಮಿಷಿನ್ ತಪ್ಪ ಮಾಡಿ ಯಾರನರೆ ಕೊಂದ್ರ, ಅವರ ಮನ್ಯಾಗ ಬಂದು ತಪ್ಪಾತು ಅಂತ ಯಾರ ಹೇಳತಾರ್ರಿ?"

ನಾನು ಬಾಯಿ ತೆರೆದೆ. ರಾಷ್ಟ್ರದ ಹೊಣೆ, ಕಮಾಂಡರನ ಹೊಣೆ, ತಯಾರಕರ ಹೊಣೆ ಎಂದು ಮೂರು ಬಗೆ ಮಾಡಿ ಹೇಳಲು ನನಗೆ ಬರುತ್ತಿತ್ತು. ಅವಳು ಕೇಳಿದ್ದು ಅದಲ್ಲ. ಮನೆಗೆ ಬರುವವರು ಯಾರು ಎಂದು ಕೇಳಿದ್ದಳು. "ಇನ್ನೂ ಯಾರೂ ಬಂದಿಲ್ಲ ತಂಗಿ" ಎಂದೆ. ಅಷ್ಟಕ್ಕೇ ಮೈಕು ಕೆಳಗಿಟ್ಟೆ. ಟೀಚರ್ ಎದ್ದು ಬಂದು ವಂದನಾರ್ಪಣೆಯನ್ನು ಮುಂಚೆಯೇ ಶುರುಮಾಡಿಸಿದರು. ಹೊರಗೆ ಬಂದಾಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಗೇಟಿನತನಕ ನಡೆದರು.

ಗೆಳತಿ ಕಾಣದಾದ ಏಳನೆಯ ವಾರ ಬಸಿರಿ ಅಕ್ಕನ ಕುಬಸದ ಶಾಸ್ತ್ರವಿತ್ತು. ಅಕ್ಕನನ್ನು ಕೊಟ್ಟದ್ದು ರಾಮದುರ್ಗಕ್ಕೆ. ಅವ್ವ, ನಾನು, ಹತ್ತಿರದ ನಾಲ್ಕು ಮಂದಿ ಹಸಿರು ಸೀರೆ, ಬಳೆ, ಬುತ್ತಿ ಎಲ್ಲ ಕಟ್ಟಿಕೊಂಡು ಹೋಗಿದ್ದೆವು. ಅಕ್ಕನನ್ನು ಕೂಡಿಸಿ ಹೆಂಗಸರು ಆರತಿ ಮಾಡುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಗೊತ್ತಿಲ್ಲದ ವಿದೇಶಿ ನಂಬರು. ಹಾಡು ಜೋರಾಗಿತ್ತು. ಹಿತ್ತಲಿಗೆ ಓಡಿದೆ.

"ನಾನು" ಎಂದಳು ಅವಳು.

ಹಿತ್ತಲಿನ ಬಾಗಿಲನ್ನು ಎಳೆದುಕೊಂಡೆ. ಅವಳೇ ಹೇಳಿದಳು. ನೀರು ತರಲು ಕ್ಯಾನು ಹಿಡಿದು ಮೂರು ಬೀದಿ ಆಚೆ ಹೋಗಿದ್ದಳು. ಸಾಲು ಉದ್ದವಿತ್ತು. ಅಮ್ಮ ಮನೆಯಲ್ಲಿದ್ದಳು. ಈಗ ಪಕ್ಕದ ದೇಶದಲ್ಲಿ, ಅಮ್ಮನ ಹಳೆಯ ಗೆಳತಿಯೊಬ್ಬಳ ಮನೆಯಲ್ಲಿದ್ದಳು. ಫೋನು ಆ ಗೆಳತಿಯದು. ನನ್ನ ನಂಬರು ಇಮೇಲಿನಲ್ಲಿ ಸಿಕ್ಕಿತಂತೆ. ಇಷ್ಟನ್ನೂ ಅವಳು ಯಾರದೋ ಸುದ್ದಿಯಂತೆ, ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು. ಒಳಗಿನಿಂದ ನಗೆ ಕೇಳಿಸಿತು. ಅಕ್ಕನಿಂದ ಯಾರೋ ಗಂಡನ ಹೆಸರು ಹೇಳಿಸುತ್ತಿದ್ದರು.

"ಅಲ್ಲಿ ಏನು ನಡೆದಿದೆ?" ಎಂದಳು.

"ಅಕ್ಕ ಬಸಿರಿ. ಒಂದು ಶಾಸ್ತ್ರ" ಎಂದೆ.

"ಒಳ್ಳೆಯದು" ಎಂದಳು. ಆಮೇಲೆ, "ನಮ್ಮ ದೇಶದ ಪಟ್ಟಿ ನಿನ್ನ ಹತ್ತಿರವೇ ಇತ್ತು ಅಲ್ಲವೇ? ನನಗೆ ಗೊತ್ತಿತ್ತು. ನಮ್ಮ ಕಟ್ಟಡ ಅದರಲ್ಲಿದೆಯೇ?" ಎಂದು ಕೇಳಿ, ಬೀದಿಯ ಹೆಸರನ್ನೂ ದಿನಾಂಕವನ್ನೂ ಹೇಳಿದಳು.

ಇಲ್ಲ ಎಂದುಬಿಡಬಹುದಿತ್ತು. "ಇದೆ" ಎಂದೆ.

"ಓದು."

ಫೋನಿನಲ್ಲೇ ಪಟ್ಟಿ ತೆರೆದು, ಹಿತ್ತಲಿನ ಕಲ್ಲಿನ ಮೇಲೆ ಕೂತು, ಕಾಲಂ ಕಾಲಮ್ಮಾಗಿ ಓದಿದೆ. ನಾನೇ ತುಂಬಿದ ಪದಗಳು. ಅವಳಿಗೆ ಅವೆಲ್ಲ ಕಂಠಪಾಠ, ಬೇರೆಯವರ ಸಾಲುಗಳಲ್ಲಿ ಅವಳೂ ಅವನ್ನೇ ಬರೆದಿದ್ದಳು. 'ನಿರ್ಧಾರವಾಗಿಲ್ಲ' ಎಂಬಲ್ಲಿಗೆ ಬಂದಾಗ ನನ್ನ ಜೊತೆಗೇ ಅವಳೂ ಅದನ್ನು ಹೇಳಿದಳು.

"ನನ್ನ ಅಮ್ಮನ ಹೆಸರು ಎಲ್ಲಿದೆ?" ಎಂದಳು.

"ಹೆಸರಿಗೆ ಕಾಲಂ ಇಲ್ಲ. ನಿನಗೆ ಗೊತ್ತಲ್ಲ."

"ಗೊತ್ತು. ತಂತ್ರಾಂಶದ ಹೆಸರಿಗೆ ಇದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. "ಕೇಳಿ ನೋಡುತ್ತೀಯಾ?" ಎಂದಳು. "ಒಂದೇ ಹೆಸರು. ಅವಳ ಹೆಸರು ಉದ್ದವೇನಿಲ್ಲ." ಕೇಳುತ್ತೇನೆ ಎಂದು ಮಾತು ಕೊಟ್ಟೆ.

ಹಿಂತಿರುಗುವ ಬಸ್ಸಿನಲ್ಲಿ ಅವ್ವನಿಗೆ ಹೇಳಿದೆ. ಕಟಕೋಳ ಬರುವವರೆಗೂ ಅವಳು ಖಾಲಿ ಬುತ್ತಿಯ ಬಟ್ಟೆಯನ್ನು ಮಡಚುತ್ತಲೇ ಇದ್ದಳು. ಆಮೇಲೆ, "ಎಷ್ಟ ಚಂದ ಇದ್ವು ಆಕಿ ಕೈ" ಎಂದಳು. ಸವದತ್ತಿ ಹತ್ತಿರ ಬಂದಾಗ, "ಆ ಹುಡುಗಿಗೆ ಈಗ ತಾಟ ಯಾರ ಹಾಕತಾರ?" ಎಂದು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮಾವನಿಗೆ ಫೋನು ಮಾಡಿದೆ. ಸಿಕ್ಕಳು, ಅವಳ ತಾಯಿ ಹೋದಳು ಎಂದೆ. ಅವರು "ಹಾಂ" ಎಂದಷ್ಟೇ ಅಂದು ಫೋನು ಹಿಡಿದೇ ಇದ್ದರು. ಇಡುವ ಮನಸ್ಸು ಇಬ್ಬರಿಗೂ ಬರಲಿಲ್ಲ.

ಸೋಮವಾರ ಮೇಲ್ವಿಚಾರಕಿಯೊಡನೆ ಮಾತಾಡಿದೆ. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕಾರಣಗಳನ್ನು ಹೇಳಿದರು. ಹೆಸರು ಹಾಕಿದರೆ ಬದುಕಿ ಉಳಿದ ಸಂಬಂಧಿಕರಿಗೆ ಅಪಾಯ. ಎಲ್ಲ ಸಾಲುಗಳಿಗೂ ಒಂದೇ ಅಳತೆ ಇರಬೇಕು, ಒಬ್ಬರ ಹೆಸರು ಹಾಕಿ ಉಳಿದವರದನ್ನು ಬಿಟ್ಟರೆ ಅದು ಅನ್ಯಾಯ. ಎಲ್ಲರ ಹೆಸರೂ ಸಿಗುವುದಿಲ್ಲ. ಪಟ್ಟಿಯನ್ನು ರಾಜತಾಂತ್ರಿಕರು ಓದುತ್ತಾರೆ, ಒಂದು ಲೋಪ ಕಂಡರೂ ಇಡೀ ವರದಿಯನ್ನು ತಳ್ಳಿಹಾಕುತ್ತಾರೆ. ಒಂದೊಂದೂ ನಿಜ. ನಾನು ಕಾನೂನಿನ ವಿದ್ಯಾರ್ಥಿ, ವಾದಿಸಲು ಕಲಿತವಳು. ಒಂದಕ್ಕೂ ನನ್ನಲ್ಲಿ ಎದುರುವಾದ ಇರಲಿಲ್ಲ.

"ನಾನು ಸಂಸ್ಥೆಯ ಸಮಿತಿಯ ಮುಂದೆ ಇಡುತ್ತೇನೆ" ಎಂದರು. ಇಟ್ಟರು ಕೂಡ. ಎರಡು ವಾರದ ಮೇಲೆ, ಸಾಧ್ಯವಿಲ್ಲ ಎಂದು ತಾವೇ ಫೋನು ಮಾಡಿ ತಿಳಿಸಿದರು. "ನನ್ನಿಂದ ಆಗಲಿಲ್ಲ, ಕ್ಷಮಿಸಿ" ಎಂದರು. ಅವರೂ ನನ್ನಷ್ಟೇ ಕೈಕಟ್ಟಿ ಕೂತವರು ಎಂದು ಆಗ ತಿಳಿಯಿತು.

ಸುಮ್ಮನಿರಲಾಗದೆ 'ಇತರೆ' ಎಂಬ ಕಾಲಮ್ಮಿನಲ್ಲಿ ಒಂದು ವಾಕ್ಯ ಸೇರಿಸಿದೆ: ಸತ್ತವರಲ್ಲಿ ಒಬ್ಬರು ನಿವೃತ್ತ ಗಣಿತ ಶಿಕ್ಷಕಿ. ನನ್ನ ಸಾಲುಗಳನ್ನು ಪರಿಶೀಲಿಸುತ್ತಿದ್ದವರು ಅದನ್ನು ತಿದ್ದಿ 'ನಾಗರಿಕರು' ಎಂದು ಮಾಡಿದರು. ಪಕ್ಕದಲ್ಲಿ, ಲಿಖಿತ ಮೂಲವಿಲ್ಲ ಎಂಬ ಟಿಪ್ಪಣಿ. ಮೂಲ ನಮ್ಮ ಅಡುಗೆಮನೆಯ ಪಕ್ಕದ ಪಡಸಾಲೆ ಎಂದು ಬರೆಯಲು ಬರುವುದಿಲ್ಲವಲ್ಲ. ಆ ತಿದ್ದುಪಡಿಗೆ ಒಪ್ಪಿಗೆಯ ಗುಂಡಿ ಒತ್ತಿದೆ.

ಅವಳಿಗೆ ಹೇಳಬೇಕಾಗಿತ್ತು. ಮೂರು ದಿನ ಮುಂದೂಡಿ ನಾಲ್ಕನೆಯ ದಿನ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಸರಿ. ನಾನು ಸಮಿತಿಯಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ" ಎಂದಳು. ನಂತರ, "ಸಾಲಿನ ಸಂಖ್ಯೆ ಎಷ್ಟು?" ಎಂದು ಕೇಳಿದಳು. ಹೇಳಿದೆ. ಬರೆದುಕೊಳ್ಳಲು ಪೆನ್ನು ಹುಡುಕುತ್ತಿರುವುದು ಕೇಳಿಸಿತು. "ಇನ್ನೊಮ್ಮೆ ಹೇಳು" ಎಂದಳು. ಇನ್ನೊಮ್ಮೆ ಹೇಳಿದೆ.

ಇಂಟರ್ನ್‌ಶಿಪ್ ಮುಗಿಯಿತು. ಪ್ರಮಾಣಪತ್ರ ಬಂತು, ಅವ್ವ ಅದನ್ನು ಟ್ರಂಕಿನಲ್ಲಿ ನನ್ನ ಉಳಿದ ಸರ್ಟಿಫಿಕೇಟುಗಳ ಜೊತೆ ಇಟ್ಟಳು. ನಾನು ಧಾರವಾಡಕ್ಕೆ ಹೋಗಿ ಪ್ರಬಂಧ ಮುಗಿಸಿ ಊರಿಗೆ ಬಂದು, ಬೈಲಹೊಂಗಲದ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆದೆ. ಬದುವಿನ ತಂಟೆ, ಆಸ್ತಿ ಪಾಲಿನ ವಾಟಣಿ, ದಾರಿಯ ಜಗಳ. ಇಲ್ಲಿ ಕನಿಷ್ಠ ಪ್ರತಿವಾದಿಯ ಹೆಸರು ಕೂಗಿದರೆ ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. ದೊಡ್ಡ ಕೆಲಸ ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಕೇಳುವವರಿಗೆ ಅವ್ವನೇ ಏನೋ ಒಂದು ಉತ್ತರ ಕೊಡುತ್ತಾಳೆ. ನನ್ನ ಗೆಳತಿ ಈಗ ತಾನಿರುವ ದೇಶದ ಭಾಷೆ ಕಲಿಯುತ್ತಿದ್ದಾಳೆ, ಒಂದು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಿದ್ದಾಳೆ. ಕಾನೂನಿಗೆ ತಿರುಗಿ ಹೋಗುವ ಮಾತಾಡುವುದಿಲ್ಲ.

ವರದಿ ಅಚ್ಚಾಗಿ ಬಂದದ್ದು ಹೋದ ಚಳಿಗಾಲದಲ್ಲಿ. ಅದರ ಪ್ರತಿಯನ್ನು ನನಗೂ ಮೇಲ್ ಮಾಡಿದ್ದರು. ಕೋರ್ಟಿನ ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ತೆರೆದು ಆ ಸಂಖ್ಯೆಯ ಸಾಲನ್ನು ಹುಡುಕಿದೆ. ಅಲ್ಲಿ ಬೇರೆ ಯಾವುದೋ ಊರಿತ್ತು. ಅಚ್ಚಿಗೆ ಹೋಗುವ ಮೊದಲು ಇಡೀ ಪಟ್ಟಿಯನ್ನು ದಿನಾಂಕದ ಪ್ರಕಾರ ಮರುಜೋಡಿಸಿದ್ದರು. ಎಲ್ಲ ಸಂಖ್ಯೆಗಳೂ ಬದಲಾಗಿದ್ದವು. ಅವಳ ಕಟ್ಟಡ ಎಷ್ಟೋ ಪುಟ ಕೆಳಗೆ ಹೋಗಿತ್ತು.

ಹೇಳುವುದೋ ಬೇಡವೋ ಎಂದು ಸಂಜೆಯತನಕ ಒದ್ದಾಡಿದೆ. ಅವಳೇ ವರದಿ ತೆರೆದು ತನ್ನ ತಾಯಿಯ ಜಾಗದಲ್ಲಿ ಬೇರೆಯವರನ್ನು ಕಾಣುವುದಕ್ಕಿಂತ ನಾನೇ ಹೇಳುವುದು ಲೇಸು ಎಂದು ಕರೆ ಮಾಡಿದೆ. ಹೊಸ ಸಂಖ್ಯೆಯನ್ನು ಹೇಳಿದೆ. ಅವಳು ಬರೆದುಕೊಂಡಳು.

"ಈಗ ನಮ್ಮ ಪಕ್ಕದ ಸಾಲು ಯಾರದು?" ಎಂದಳು.

ಪುಟ ಸರಿಸಿ ನೋಡಿದೆ. ಬೇರೊಂದು ದೇಶ. ಊರ ಹೊರಗಿನ ಒಂದು ಹೊಲ. ಕಟಾವಿನ ದಿನಗಳು, ಜನ ಕೆಲಸದಲ್ಲಿದ್ದರು. ಆ ಸಾಲನ್ನು ನಮ್ಮಿಬ್ಬರಲ್ಲಿ ಯಾರೂ ತುಂಬಿದ್ದಲ್ಲ.

"ಓದು" ಎಂದಳು. ನಾನು ಓದಿದೆ.